ಗೋಡೆಗೆ ತಂಪು ಬಣ್ಣವೋ, ಬೆಚ್ಚನೆಯ ಬಣ್ಣವೋ?



ನುರಿಸುವ ಹಂಗಾಮು ಮುಗಿದು ಕಬ್ಬಿನ ಬಿಲ್ಲು ಕೈಗೆ ಬಂದ ಮೇಲೆ ನಮ್ಮ ಭಾಗದ ಊರುಗಳಲ್ಲಿ ಎರಡು ಕೆಲಸಗಳು ಒಟ್ಟಿಗೇ ಸುರುವಾಗುತ್ತವೆ. ಒಂದು, ಕುಳೆ ಕಬ್ಬಿನ ಆರೈಕೆ. ಇನ್ನೊಂದು, ಮನೆಯ ಕೆಲಸ. ಲಗ್ನ ಗೊತ್ತಾದ ಮನೆಯವರು ಪಡಸಾಲೆಗೆ ಬಣ್ಣ ಹಚ್ಚಿಸುತ್ತಾರೆ. ಹೊಸ ಸ್ಲ್ಯಾಬ್ ಹಾಕಿಸಿದವರು ಗಿಲಾವ ಮುಗಿಸಿ ಬಣ್ಣದ ಅಂಗಡಿಗೆ ಹೋಗುತ್ತಾರೆ. ಅಂಗಡಿಯವರು ನೂರಾರು ಬಣ್ಣಗಳ ಪುಸ್ತಕ ಮುಂದಿಟ್ಟು, "ತಂಪು ಬಣ್ಣ ಬೇಕೋ, ಬೆಚ್ಚನೆಯದು ಬೇಕೋ?" ಎಂದು ಕೇಳುತ್ತಾರೆ. ಏನು ಹೇಳಬೇಕೆಂದು ತಿಳಿಯದೆ ಅನೇಕರು ಅವರು ತೋರಿಸಿದ್ದನ್ನೇ ತೆಗೆದುಕೊಂಡು ಬರುತ್ತಾರೆ.

ಹೊಲದ ಭೇಟಿಗೆ ಹೋದಾಗ ಕುಳೆಯ ಗೊಬ್ಬರದ ಮಾತು ಮುಗಿದ ಮೇಲೆ ಎಷ್ಟೋ ಸದಸ್ಯರು ಈ ಪ್ರಶ್ನೆಯನ್ನು ನನಗೂ ಕೇಳಿದ್ದಾರೆ. ಒಬ್ಬ ಹಿರಿಯ ಸದಸ್ಯರ ಮಗ, ತಂದೆಯ ಕೋಣೆ ತಂಪಾಗಿರಲೆಂದು ನಾಲ್ಕೂ ಗೋಡೆಗೆ ಆಕಾಶ ನೀಲಿ ಹಚ್ಚಿಸಿದ್ದರು. ಮೇ ತಿಂಗಳ ಮಧ್ಯಾಹ್ನ ನಾನು ಹೋದಾಗ ಆ ಹಿರಿಯರು ಅಂಗಳದ ಬೇವಿನ ಮರದ ಕೆಳಗೆ ಮಂಚ ಹಾಕಿಕೊಂಡು ಮಲಗಿದ್ದರು. "ಒಳಗ ಹೋಗ್ರಿ ಸಾಹೇಬ್ರ, ನೀಲಿ ಖೋಲಿ ನೋಡ್ರಿ, ಒಲಿ ಆಗೇದ" ಎಂದು ನಕ್ಕರು. ಹಣ ಖರ್ಚಾಗಿತ್ತು, ಸೆಕೆ ಹಾಗೆಯೇ ಇತ್ತು. ಬಣ್ಣದ ವಿಷಯದಲ್ಲಿ ನಾನೂ ನನ್ನ ಮನೆಯಲ್ಲಿ ಒಂದು ತಪ್ಪು ಮಾಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ. ಈ ಎರಡೂ ಅನುಭವಗಳಿಂದ ಈ ಲೇಖನ ಬರೆಯಬೇಕೆನಿಸಿತು.

ತಂಪು, ಬೆಚ್ಚಗೆ ಎಂದರೆ ಏನು?

ಕೆಂಪು, ಕಿತ್ತಳೆ, ಹಳದಿ ಮತ್ತು ಇವುಗಳ ಕಡೆಗೆ ವಾಲಿದ ಕೆನೆ, ಬಾದಾಮಿ, ತಿಳಿ ಗುಲಾಬಿ ಇವು ಬೆಚ್ಚನೆಯ ಬಣ್ಣಗಳು. ನೀಲಿ, ಹಸಿರು, ನೇರಳೆ ಮತ್ತು ಇವುಗಳ ಕಡೆಗೆ ವಾಲಿದ ಬೂದು ಬಣ್ಣಗಳು ತಂಪು ಬಣ್ಣಗಳು. ಬೆಂಕಿ ಮತ್ತು ಬಿಸಿಲನ್ನು ನೆನಪಿಗೆ ತರುವವು ಒಂದು ಗುಂಪು, ನೀರು ಮತ್ತು ನೆರಳನ್ನು ನೆನಪಿಗೆ ತರುವವು ಇನ್ನೊಂದು ಗುಂಪು. ಜರ್ಮನಿಯ ಕವಿ ಗಯಟೆ 1810ರಲ್ಲಿ ಪ್ರಕಟಿಸಿದ ಬಣ್ಣಗಳ ಕುರಿತಾದ ಗ್ರಂಥದಲ್ಲಿಯೇ ಹಳದಿಯ ಕಡೆಯವು, ನೀಲಿಯ ಕಡೆಯವು ಎಂಬ ವಿಂಗಡಣೆ ಇದೆ. ಇವು ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನೂ ಆತ ವಿವರಿಸಿದ್ದಾನೆ.

ಬಿಳಿಯಲ್ಲಿಯೂ ಈ ಎರಡು ಜಾತಿ ಇವೆ ಎಂಬುದನ್ನು ಸಕ್ಕರೆ ಕಾರ್ಖಾನೆಯ ಸದಸ್ಯರಿಗೆ ಹೇಳಬೇಕಾಗಿಲ್ಲ. ಸಕ್ಕರೆಯ ದರ್ಜೆಯಲ್ಲಿ 30 ಮತ್ತು 31 ಎಂದು ಬರೆಯುವುದು ಬಣ್ಣದ ಗುರುತು. ಎರಡೂ ಬಿಳಿಯೇ, ಆದರೆ 31 ಹೆಚ್ಚು ಬಿಳಿ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಮಾತ್ರ ಒಂದರ ಹಳದಿ ಛಾಯೆ ಕಣ್ಣಿಗೆ ಬೀಳುತ್ತದೆ. ಹಿಂದಿನ ಕಾಲದಲ್ಲಿ ಆ ಹಳದಿಯನ್ನು ಮರೆಮಾಡಲು ಸಕ್ಕರೆಗೆ ಅತ್ಯಲ್ಪ ನೀಲಿ ಪುಡಿ ಸೇರಿಸುವ ಪದ್ಧತಿ ಇತ್ತು. ನಮ್ಮ ತಾಯಂದಿರು ಧೋತರ ಒಗೆಯುವಾಗ, ಸುಣ್ಣ ಕಲಸುವಾಗ ಚಿಟಿಕೆ ನೀಲಿ ಹಾಕುತ್ತಿದ್ದುದೂ ಇದೇ ಕಾರಣಕ್ಕೆ. ನೀಲಿ ಹಾಕಿದ ಸುಣ್ಣ ತಂಪು ಬಿಳಿ. ಹಾಕದ ಸುಣ್ಣ, ಕೆನೆ ಬಣ್ಣ ಬೆಚ್ಚನೆಯ ಬಿಳಿ. ಆದ್ದರಿಂದ ಅಂಗಡಿಯಲ್ಲಿ "ಬಿಳಿ ಕೊಡ್ರಿ" ಎಂದರೆ ಸಾಲದು. ಆರಿಸಿದ ಬಿಳಿಯ ಪಕ್ಕದಲ್ಲಿ ಒಂದು ಶುಭ್ರ ಬಿಳಿ ಕಾಗದ ಇಟ್ಟು ನೋಡಬೇಕು. ಅದು ಯಾವ ಕಡೆ ವಾಲಿದೆ ಎಂಬುದು ಆಗ ತಿಳಿಯುತ್ತದೆ.

ನೀಲಿ ಬಣ್ಣದಿಂದ ಕೋಣೆ ತಂಪಾಗುವುದೇ?

ಆಗುವುದಿಲ್ಲ. ನೀಲಿ ಗೋಡೆ ನೋಡಿದಾಗ ಮನಸ್ಸಿಗೆ ತುಸು ಹಾಯೆನಿಸಬಹುದು. ಆದರೆ ಕೋಣೆಯಲ್ಲಿ ತೂಗುಹಾಕಿದ ಥರ್ಮಾಮೀಟರಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಕಾದ ಗೋಡೆ ಹೊರಸೂಸುವ ಶಾಖವು ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿರುತ್ತದೆ. ಆ ಕಿರಣಗಳ ಮಟ್ಟಿಗೆ ನಾವು ಒಳಗೆ ಹಚ್ಚುವ ನೀಲಿ, ಕೆನೆ, ಗುಲಾಬಿ ಎಲ್ಲವೂ ಹೆಚ್ಚು ಕಡಿಮೆ ಒಂದೇ.

ಸೆಕೆ ಬರುವುದು ಮೇಲಿನಿಂದ. ನಮ್ಮ ಸೋಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಂಥ ದಿನ ಬರಿಯ ಸಿಮೆಂಟಿನ ಸ್ಲ್ಯಾಬು ಬಿಸಿಲಿನ ಹೆಚ್ಚಿನ ಪಾಲನ್ನು ಹೀರಿಕೊಂಡು 60 ಡಿಗ್ರಿಯ ಆಸುಪಾಸಿಗೆ ಕಾಯುತ್ತದೆ. ಹಗಲೆಲ್ಲ ನುಂಗಿದ ಆ ಶಾಖವನ್ನು ರಾತ್ರಿ ಮಲಗುವ ಹೊತ್ತಿಗೆ ಕೋಣೆಯೊಳಗೆ ಬಿಡುತ್ತದೆ. ಹಳೆಯ ಎರಡು ಅಡಿ ದಪ್ಪದ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಗಳು ತಂಪಾಗಿದ್ದುದು ಗೋಡೆಯ ಬಣ್ಣದಿಂದಲ್ಲ, ಮೇಲಿನ ಮಣ್ಣಿನ ದಪ್ಪದಿಂದ. ಕುಳೆ ಕಬ್ಬಿನಲ್ಲಿ ರವದಿ ಸುಡದೆ ಸಾಲಿನಲ್ಲಿ ಹೊದಿಸಿರೆಂದು ನಾವು ಹೇಳುತ್ತಿರುತ್ತೇವಲ್ಲವೇ? ಮೇಲಿನ ಹೊದಿಕೆ ಬಿಸಿಲನ್ನು ತಡೆದರೆ ಕೆಳಗಿನ ನೆಲ ತಂಪಾಗಿರುತ್ತದೆ. ಮನೆಗೂ ಇದೇ ನಿಯಮ.

ಹೊಸದಾಗಿ ಬಳಿದ ಸುಣ್ಣ ತನ್ನ ಮೇಲೆ ಬಿದ್ದ ಬಿಸಿಲಿನ ಮುಕ್ಕಾಲು ಭಾಗದಷ್ಟನ್ನು ಆಕಾಶಕ್ಕೆ ಹಿಂತಿರುಗಿಸುತ್ತದೆ. ಆದ್ದರಿಂದ ಸ್ಲ್ಯಾಬಿನ ಮೇಲೆ ಬೇಸಿಗೆಯ ಮೊದಲು ಸುಣ್ಣ ಹಚ್ಚಿದರೆ ಒಳಗಿನ ಸೆಕೆ ಕೆಲವು ಡಿಗ್ರಿ ಇಳಿಯುತ್ತದೆ. ಈ ಸರಳ ಉಪಾಯವನ್ನು ಈಗ ಸರಕಾರಗಳೂ ಕೈಗೆತ್ತಿಕೊಂಡಿವೆ. ನೆರೆಯ ತೆಲಂಗಾಣ ರಾಜ್ಯ 2023ರಲ್ಲಿ ಇದಕ್ಕಾಗಿಯೇ ತಂಪು ಛಾವಣಿಯ ನೀತಿಯನ್ನು ಪ್ರಕಟಿಸಿತು. ಮಾಡುವ ಕ್ರಮ ಹೀಗಿದೆ:

1. ಫೆಬ್ರುವರಿ ಅಥವಾ ಮಾರ್ಚಿನಲ್ಲಿ ಸ್ಲ್ಯಾಬನ್ನು ಗುಡಿಸಿ, ತೊಳೆದು ಒಣಗಿಸಬೇಕು. ಬಿರುಕುಗಳಿದ್ದರೆ ಮೊದಲು ಮುಚ್ಚಬೇಕು.

2. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಅಂಟು ಸೇರಿಸಬೇಕು. ಸುಣ್ಣ ಅರಳುವಾಗ ಕುದಿಯುತ್ತದೆ, ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಮಕ್ಕಳನ್ನು ದೂರ ಇಡತಕ್ಕದ್ದು.

3. ಎರಡು ಸಲ ಹಚ್ಚಬೇಕು. ಮಳೆಗೆ ತೊಳೆದುಹೋಗುವುದರಿಂದ ಪ್ರತಿ ವರ್ಷ ಮಾಡಬೇಕು. ಇಲ್ಲಿ ನೀಲಿ ಸೇರಿಸುವ ಅವಶ್ಯಕತೆ ಇಲ್ಲ.

4. ತಗಡಿನ ಮೇಲೆ ಸುಣ್ಣ ನಿಲ್ಲುವುದಿಲ್ಲ. ಅದಕ್ಕೆ ಛಾವಣಿಗೆಂದೇ ಬರುವ ಬಿಳಿ ಬಣ್ಣ ಬೇಕು. ತಗಡಿನ ಮೇಲೆ ರವದಿ ಹೊದಿಸುವುದು ತಂಪಾದರೂ ಬೆಂಕಿಯ ಭಯವಿರುವುದರಿಂದ ಅದನ್ನು ನಾನು ಸೂಚಿಸುವುದಿಲ್ಲ.

ಬಣ್ಣಕ್ಕೆಂದು ತೆಗೆದಿಟ್ಟ ಹಣದಲ್ಲಿ ಮೊದಲ ಪಾಲು ಛಾವಣಿಗೆ, ಉಳಿದದ್ದು ಒಳಗೋಡೆಗೆ. ಇಷ್ಟನ್ನು ನೆನಪಿಟ್ಟರೆ ಅರ್ಧ ಕೆಲಸ ಆದಂತೆ.

ಹಾಗಾದರೆ ಒಳಗಿನ ಬಣ್ಣ ಮಾಡುವುದೇನು?

ಒಳಗಿನ ಬಣ್ಣದ ಕೆಲಸ ಕಣ್ಣಿನೊಂದಿಗೆ, ಬೆಳಕಿನೊಂದಿಗೆ. ಇಲ್ಲಿ ಮೊದಲು ನೋಡಬೇಕಾದದ್ದು ತಂಪೋ ಬೆಚ್ಚಗೋ ಎಂಬುದಲ್ಲ, ತಿಳಿಯೋ ಗಾಢವೋ ಎಂಬುದು. ಒಳ್ಳೆಯ ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 80ರಷ್ಟನ್ನು ಕೋಣೆಗೆ ಮರಳಿಸುತ್ತದೆ. ತಿಳಿ ಕೆನೆ ಬಣ್ಣ ಸುಮಾರು 70ರಷ್ಟನ್ನು. ನಡುತರದ ನೀಲಿ ಅಥವಾ ಹಸಿರು 30-40ರಷ್ಟನ್ನು. ಗಾಢ ಬಣ್ಣ 15ಕ್ಕಿಂತ ಕಡಿಮೆ. ನಮ್ಮ ಹಳೆಯ ಮನೆಗಳಲ್ಲಿ ಒಂದು ಬಾಗಿಲು, ಒಂದು ಬೆಳಕಿಂಡಿ ಬಿಟ್ಟರೆ ಬೆಳಕಿಗೆ ಬೇರೆ ದಾರಿ ಇರುವುದಿಲ್ಲ. ಅಂಥ ಕೋಣೆಗೆ ಗಾಢ ಬಣ್ಣ ಹಚ್ಚಿದರೆ ಹಗಲಿನಲ್ಲಿಯೂ ದೀಪ ಹಾಕಬೇಕಾಗುತ್ತದೆ. ಗಾಢ ಬಣ್ಣಕ್ಕೆ ಸಾಮಾನ್ಯವಾಗಿ ಬೆಲೆಯೂ ಹೆಚ್ಚು. ಮುಂದೆ ಅದನ್ನು ಮುಚ್ಚಿ ತಿಳಿ ಬಣ್ಣ ತರಲು ಹೆಚ್ಚು ಕೋಟುಗಳೂ ಬೇಕು.

ಗೋಡೆ ತಿಳಿಯಾಗಿರಬೇಕೆಂದು ನಿಶ್ಚಯವಾದ ಮೇಲೆ ತಂಪು, ಬೆಚ್ಚಗೆ ಎಂಬ ವಿಚಾರ. ಅದನ್ನು ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ ಎಂಬುದರ ಮೇಲೆ ನಿರ್ಧರಿಸಬೇಕು.

ಉತ್ತರ: ವರ್ಷದ ಹೆಚ್ಚಿನ ಕಾಲ ನೇರ ಬಿಸಿಲು ಬರುವುದಿಲ್ಲ. ಬರುವುದು ಆಕಾಶದ ಬೆಳಕು. ಅದರಲ್ಲಿ ನೀಲಿ ಛಾಯೆ ಇರುತ್ತದೆ. ಇಲ್ಲಿ ನೀಲಿ, ಬೂದು ಹಚ್ಚಿದರೆ ಕೋಣೆ ಮಂಕಾಗಿ ಕಾಣುತ್ತದೆ. ಕೆನೆ, ತಿಳಿ ಹಳದಿ, ಬಾದಾಮಿ ಒಳ್ಳೆಯವು. ಆದರೆ ನಮ್ಮ ಭಾಗ ಸುಮಾರು 17 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಮೇ ಎರಡನೆಯ ವಾರದಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಸರಿದಿರುತ್ತಾನೆ. ಆ ದಿನಗಳಲ್ಲಿ ಉತ್ತರದ ಗೋಡೆಗೂ ಬಿಸಿಲು ತಾಗುತ್ತದೆ. ಚಳಿ ದೇಶದವರು ಬರೆದ ಬಣ್ಣದ ಸಲಹೆಗಳಲ್ಲಿ ಈ ಮಾತು ಸಿಗುವುದಿಲ್ಲ.

ದಕ್ಷಿಣ: ಚಳಿಗಾಲದಲ್ಲಿ ಸೂರ್ಯ ಈ ಕಡೆ ವಾಲಿರುತ್ತಾನೆ. ಡಿಸೆಂಬರದ ನಡುಹಗಲಿಗೆ ಅವನ ಎತ್ತರ 50 ಡಿಗ್ರಿಗಿಂತ ತುಸು ಕಡಿಮೆ. ಬಿಸಿಲು ಕಿಟಕಿಯಿಂದ ಚೆನ್ನಾಗಿ ಒಳಗೆ ಬರುತ್ತದೆ. ಇಲ್ಲಿ ಎರಡೂ ಜಾತಿಯ ತಿಳಿ ಬಣ್ಣಗಳು ಹೊಂದುತ್ತವೆ.

ಪೂರ್ವ: ಬೆಳಗಿನ ಹಳದಿ ಬೆಳಕು, ಮಧ್ಯಾಹ್ನದ ನಂತರ ಮಬ್ಬು. ಮಧ್ಯಾಹ್ನ, ಸಂಜೆ ಬಳಸುವ ಕೋಣೆಯಾದರೆ ಬೆಚ್ಚನೆಯ ಬಿಳಿ ಉತ್ತಮ.

ಪಶ್ಚಿಮ: ಸಂಜೆಯ ಇಳಿಬಿಸಿಲು ಕೆಂಪಾಗಿ ನೇರ ಒಳಗೆ ನುಗ್ಗುತ್ತದೆ. ಹಳದಿ, ಗುಲಾಬಿ ಗೋಡೆಗಳು ಆಗ ಉರಿಯುವಂತೆ ಕಾಣುತ್ತವೆ. ತಿಳಿ ಹಸಿರು, ತಿಳಿ ನೀಲಿ ಅಥವಾ ನೀಲಿ ಛಾಯೆಯ ಬಿಳಿ ಇಲ್ಲಿ ಕಣ್ಣಿಗೆ ಹಿತ. ತಂಪು ಬಣ್ಣಕ್ಕೆ ನಮ್ಮ ಮನೆಗಳಲ್ಲಿ ಸರಿಯಾದ ಜಾಗ ಇದೇ. ಆದರೆ ಆ ಕಡೆ ಒಂದು ಮರ ಹಚ್ಚಿದರೆ ಅದು ಬಣ್ಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಎಲ್ಲ ಕೋಣೆಗಳ ಮೇಲ್ಛಾವಣಿಯ ಒಳಮೈ ಬಿಳಿ ಇರಲಿ. ಅಡಿಗೆ ಮನೆಗೆ ಬೆಚ್ಚನೆಯ ಬಿಳಿ ಒಳ್ಳೆಯದು. ಹಸಿರು, ನೀಲಿ ಗೋಡೆಯಿಂದ ಮರಳಿದ ಬೆಳಕಿನಲ್ಲಿ ಅನ್ನ ಪಲ್ಯಗಳ ಬಣ್ಣ ಕೆಟ್ಟು ಕಾಣುತ್ತದೆ. ಕಟ್ಟಿಗೆ ಒಲೆ ಉರಿಯುವ ಮನೆಯಾದರೆ ದುಬಾರಿ ಬಣ್ಣಕ್ಕೆ ಹೋಗದೆ ವರ್ಷಕ್ಕೊಮ್ಮೆ ಸುಣ್ಣ ಹಚ್ಚುವುದೇ ಲೇಸು.

ದೀಪವನ್ನೂ ಲೆಕ್ಕಕ್ಕೆ ಹಿಡಿಯಿರಿ

ಹಗಲು ಹೊಲದಲ್ಲಿರುವ ನಾವು ಮನೆಯ ಗೋಡೆ ನೋಡುವುದು ಬಹುತೇಕ ರಾತ್ರಿ, ದೀಪದ ಬೆಳಕಿನಲ್ಲಿ. ಎಲ್‌ಇಡಿ ಬಲ್ಬಿನ ಪೊಟ್ಟಣದ ಮೇಲೆ ಕೆಲ್ವಿನ್ ಲೆಕ್ಕದಲ್ಲಿ ಒಂದು ಅಂಕಿ ಇರುತ್ತದೆ. 2700 ರಿಂದ 3000 ಇದ್ದರೆ ಹಳೆಯ ಬಲ್ಬಿನಂಥ ಹಳದಿ ಬೆಳಕು. 6500 ಇದ್ದರೆ ನೀಲಿ ಛಾಯೆಯ ಬಿಳಿ ಬೆಳಕು. ಅಂಕಿ ದೊಡ್ಡದಾದಷ್ಟೂ ಬೆಳಕು "ತಂಪು" ಎನ್ನುವುದು ವಿಚಿತ್ರವೆನಿಸಬಹುದು. ಕಮ್ಮಾರನ ಕುಲುಮೆ ನೆನಪಿಸಿಕೊಳ್ಳಿರಿ. ಕಬ್ಬಿಣ ಮೊದಲು ಕೆಂಪಾಗುತ್ತದೆ, ಇನ್ನೂ ಕಾದರೆ ಹಳದಿ, ಅದಕ್ಕೂ ಹೆಚ್ಚು ಕಾದರೆ ಬಿಳಿ. ಆ ಅಂಕಿ ಕಾದ ವಸ್ತುವಿನ ಉಷ್ಣತೆಯ ಲೆಕ್ಕ. ಬೆಳಕು ತಂಪು ಎಂಬುದು ನಮ್ಮ ಕಣ್ಣಿನ ಮಾತು.

6500ರ ದೀಪದ ಕೆಳಗೆ ತಿಳಿ ಹಳದಿ ಗೋಡೆ ಕಳೆಗುಂದುತ್ತದೆ, ಕೆಲವೊಮ್ಮೆ ಹಸಿರು ಬಡಿದಂತೆ ಕಾಣುತ್ತದೆ. ಹಳದಿ ದೀಪದ ಕೆಳಗೆ ತಿಳಿ ನೀಲಿ ಗೋಡೆ ಬೂದಾಗುತ್ತದೆ. ಅಂಗಡಿಯ ದೀಪದಲ್ಲಿ ಆರಿಸಿದ ಬಣ್ಣ ಮನೆಗೆ ಬಂದು ಬೇರೆಯಾಗಿ ಕಂಡರೆ ಅದಕ್ಕೆ ಅಂಗಡಿಯವರ ಮೋಸವೇ ಕಾರಣವಾಗಿರಬೇಕೆಂದಿಲ್ಲ. ದೀಪದ ವ್ಯತ್ಯಾಸವೂ ಆಗಿರಬಹುದು.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಉತ್ತರದ ಕೋಣೆಯನ್ನು ಅವ್ವನಿಗಾಗಿ ಸಿದ್ಧಪಡಿಸಿದೆ. ನೆಲಕ್ಕೆ ಶಹಾಬಾದ ಫರಸಿ, ಗೋಡೆಗೆ ಬೂದು ಕಲೆತ ತಿಳಿ ನೀಲಿ, ಮೇಲೆ 6500ರ ದೀಪ. ನೋಡಲು ಅಚ್ಚುಕಟ್ಟಾಗಿತ್ತು. ಕೋಣೆಯಿಂದ ಬಚ್ಚಲಿಗೆ ಇಳಿಯಲು ಎರಡು ಮೆಟ್ಟಿಲು, ಅವೂ ಅದೇ ಫರಸಿಯವು. ತಿಂಗಳೊಳಗೆ ಒಂದು ನಸುಕಿನಲ್ಲಿ ಅವ್ವ ಆ ಮೆಟ್ಟಿಲಿನಲ್ಲಿ ಎಡವಿ ಬಿದ್ದಳು. ಮುಂಗೈ ಎಲುಬು ಮುರಿಯಿತು. "ಮೆಟ್ಟಲಾ ಕಾಣಲೇ ಇಲ್ಲೋ ತಮ್ಮಾ" ಎಂದಳು. ನಿದ್ದೆಗಣ್ಣು ಇರಬೇಕೆಂದು ನಾನು ಅಂದುಕೊಂಡೆ.

ಕೈ ಕೂಡಿದ ಮೇಲೆ ಕಣ್ಣು ತೋರಿಸಿದಾಗ ಎರಡೂ ಕಣ್ಣಿನಲ್ಲಿ ಮೋತಿಬಿಂದು ಬೆಳೆದದ್ದು ತಿಳಿಯಿತು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ; ಮೋತಿಬಿಂದು ಬಂದಾಗ ಇನ್ನಷ್ಟು ಮಬ್ಬಾಗುತ್ತದೆ. ಹಳದಿ ಗಾಜಿನ ಮೂಲಕ ನೋಡಿದಂತೆ ನೀಲಿ ಬೆಳಕು ಒಳಗೆ ಹೋಗುವುದು ಕಡಿಮೆಯಾಗಿ, ತಿಳಿ ನೀಲಿ, ಬೂದು, ತಿಳಿ ಹಸಿರು ಎಲ್ಲ ಒಂದೇ ಮಸುಕಾಗುತ್ತವೆ. ನಾನು ಆರಿಸಿದ ಗೋಡೆ, ನೆಲ, ಮೆಟ್ಟಿಲು ಮೂರೂ ಅವ್ವನ ಕಣ್ಣಿಗೆ ಒಂದೇ ಆಗಿದ್ದವು. ಕೃಷಿ ಪದವೀಧರನಾದ ನಾನು ಎಲೆಯ ಬಣ್ಣ ನೋಡಿ ಕಬ್ಬಿಗೆ ಯಾವ ಸತ್ವ ಕಡಿಮೆಯೆಂದು ಹೇಳುತ್ತೇನೆ. ತಾಯಿಯ ಕಣ್ಣಿನ ವಿಷಯ ನನಗೆ ಹೊಳೆಯಲಿಲ್ಲ.

ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಅವ್ವ ಬಾಗಿಲಲ್ಲಿ ನಿಂತು, "ತಮ್ಮಾ, ಈ ಖೋಲಿಗೆ ನೀಲಿ ಬಣ್ಣ ಯಾವಾಗ ಹಚ್ಚಿಸಿದ್ಯೋ?" ಎಂದು ಕೇಳಿದಳು. ಅಷ್ಟು ತಿಂಗಳು ಆ ಕೋಣೆಯಲ್ಲಿದ್ದವಳಿಗೆ ಅದು ನೀಲಿ ಎಂದು ಗೊತ್ತೇ ಇರಲಿಲ್ಲ. ಗೋಡೆಗೆ ಕೆನೆ ಬಣ್ಣ ಹಚ್ಚಿಸುತ್ತೇನೆಂದರೆ, "ಬ್ಯಾಡ, ಇರಲಿ, ಚಂದ ಐತಿ" ಎಂದಳು. ಹೀಗಾಗಿ ಗೋಡೆ ನೀಲಿಯಾಗಿಯೇ ಇದೆ. ಮೆಟ್ಟಿಲುಗಳ ಅಂಚಿಗೆ ಮೂರು ಬೆರಳು ಅಗಲದ ಹಳದಿ ಪಟ್ಟಿ ಬರೆಸಿದ್ದೇನೆ. ಬಚ್ಚಲ ಬಾಗಿಲಿನ ಚೌಕಟ್ಟಿಗೆ ಗಾಢ ಬಣ್ಣ ಹಚ್ಚಿಸಿದ್ದೇನೆ. ರಾತ್ರಿಯಿಡೀ ಉರಿಯುವ ಒಂದು ಸಣ್ಣ ದೀಪ ಹಾಕಿಸಿದ್ದೇನೆ.

ಹಿರಿಯರಿರುವ ಪ್ರತಿ ಮನೆಗೂ ಇದು ಅನ್ವಯಿಸುತ್ತದೆ. ಗೋಡೆಯ ಬಣ್ಣ ಯಾವುದೇ ಇರಲಿ. ನೆಲ ಮತ್ತು ಗೋಡೆ, ಮೆಟ್ಟಿಲು ಮತ್ತು ನೆಲ, ಬಾಗಿಲು ಮತ್ತು ಗೋಡೆ ಒಂದರಿಂದ ಒಂದು ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕು. ನೀಲಿ ಗೋಡೆ ಮಂಕಾಗಿದೆ ಎಂದು ಹಿರಿಯರು ಹೇಳಿದರೆ ಪೇಂಟರರನ್ನು ಕರೆಯುವ ಮೊದಲು ಕಣ್ಣಿನ ಡಾಕ್ಟರರ ಕಡೆ ಹೋಗಿರಿ.

ಹಚ್ಚುವ ಮೊದಲು ಕೆಲವು ಸೂಚನೆಗಳು

1. ಹೊಸ ತಳಿ ಬಂದಾಗ ಜಾಣ ಬೆಳೆಗಾರರು ಒಮ್ಮೆಲೇ ಐದು ಎಕರೆ ನೆಡುವುದಿಲ್ಲ. ಕೋ 86032ರ ಪಕ್ಕದಲ್ಲಿ ಕೆಲವು ಗುಂಟೆ ಹಾಕಿ ನೋಡುತ್ತಾರೆ. ಬಣ್ಣಕ್ಕೂ ಹಾಗೆಯೇ ಪ್ರಾತ್ಯಕ್ಷಿಕೆ ಬೇಕು. ಚಿಕ್ಕ ಡಬ್ಬಿ ತಂದು ಎದುರುಬದುರಿನ ಎರಡು ಗೋಡೆಗಳ ಮೇಲೆ ಎರಡು ಅಡಿ ಚೌಕ ಹಚ್ಚಿರಿ. ಒಣಗಿದ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ಮೂರು ಸಲ ನೋಡಿರಿ. ಪುಸ್ತಕದ ಸಣ್ಣ ಚೂರಿನಲ್ಲಿ ಕಾಣುವುದಕ್ಕಿಂತ ನಾಲ್ಕು ಗೋಡೆಯ ಮೇಲೆ ಬಣ್ಣ ಗಾಢವಾಗಿಯೇ ಕಾಣುತ್ತದೆ. ಆದ್ದರಿಂದ ಮೆಚ್ಚಿದ ಬಣ್ಣಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನು ಆರಿಸಿರಿ.

2. ಹೊಸ ಗಿಲಾವ ಪೂರ್ಣ ಒಣಗುವವರೆಗೆ ಬಣ್ಣ ಹಚ್ಚಬಾರದು. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ, ಮೇಲೆ ಬಿಳಿ ಉಪ್ಪು ಒಡೆಯುತ್ತದೆ. ಲಗ್ನದ ತಾರೀಖು ಹತ್ತಿರ ಬಂದಿದ್ದರೆ ಸದ್ಯಕ್ಕೆ ಸುಣ್ಣ ಹಚ್ಚಿ, ಬಣ್ಣವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿರಿ.

3. ಸುಣ್ಣಕ್ಕೆ ಬಣ್ಣ ಬೆರೆಸುವವರು ಸುಣ್ಣದಲ್ಲಿ ಬಾಳುವ ಬಣ್ಣವನ್ನೇ ಬಳಸಬೇಕು. ಕೆಮ್ಮಣ್ಣು, ಹಳದಿ ಮಣ್ಣು, ಬಟ್ಟೆಗೆ ಹಾಕುವ ನೀಲಿ ಪುಡಿ ಬಾಳುತ್ತವೆ. ಎಲ್ಲ ನೀಲಿಗಳೂ ಬಾಳುವುದಿಲ್ಲ. ಕೆಲವು ಸುಣ್ಣದಲ್ಲಿ ಕೆಟ್ಟು ಹೋಗುತ್ತವೆ.

4. ಹಳೆಯ ಬಾಗಿಲು, ಕಿಟಕಿಗಳ ಹೊಳಪಿನ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಸೀಸ ಇರುವ ಸಂಭವವಿದೆ. ಸೀಸ ಮಕ್ಕಳ ಮೆದುಳಿಗೆ ವಿಷ. ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ಭಾರತ ಸರಕಾರ 2016ರಲ್ಲಿ ನಿಯಮ ಮಾಡಿತು. ಅದು 2017ರ ನವೆಂಬರದಿಂದ ಜಾರಿಗೆ ಬಂದಿತು. ಅದಕ್ಕಿಂತ ಹಿಂದಿನ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿರಿ, ಸುಡಬೇಡಿರಿ. ನೀರು ಹಚ್ಚಿ ಉಜ್ಜಿ, ಪುಡಿಯನ್ನು ಒದ್ದೆ ಬಟ್ಟೆಯಿಂದ ತೆಗೆಯಿರಿ. ಆ ಹೊತ್ತಿನಲ್ಲಿ ಮಕ್ಕಳು, ಬಸುರಿ ಹೆಣ್ಣುಮಕ್ಕಳು ಆ ಕಡೆ ಬರಬಾರದು. ಹೊಸ ಡಬ್ಬಿ ಕೊಳ್ಳುವಾಗ ಅದರ ಮೇಲೆ ಸೀಸದ ಪ್ರಮಾಣ ಬರೆದದ್ದನ್ನು ನೋಡಿ ತೆಗೆದುಕೊಳ್ಳಿರಿ.

ಒಟ್ಟಿನಲ್ಲಿ, ತಂಪು ಬೇಕಾದರೆ ಛಾವಣಿಗೆ ಬಿಳಿ ಹಚ್ಚಿರಿ, ಪಶ್ಚಿಮಕ್ಕೆ ಮರ ಹಚ್ಚಿರಿ. ಒಳಗೋಡೆ ಮೊದಲು ತಿಳಿಯಾಗಿರಲಿ. ಆಮೇಲೆ ಕಿಟಕಿಯ ದಿಕ್ಕು, ದೀಪದ ಜಾತಿ ನೋಡಿ ಕೆನೆಯೋ ನೀಲಿಯೋ ಆರಿಸಿರಿ. ಕೊನೆಯ ಮಾತು ಆ ಕೋಣೆಯಲ್ಲಿ ವಾಸಿಸುವವರದಾಗಿರಲಿ. ಅವರ ಕಣ್ಣಿಗೆ ಏನು ಕಾಣುತ್ತದೆ ಎಂಬುದನ್ನು ಡಬ್ಬಿ ತೆರೆಯುವ ಮೊದಲೇ ಕೇಳಿರಿ.

ನೀಲಿ ಖೋಲಿಯ ಆ ಹಿರಿಯರ ಮನೆಯವರು ಈ ಮಾರ್ಚಿನಲ್ಲಿ ಸ್ಲ್ಯಾಬಿನ ಮೇಲೆ ಎರಡು ಸಲ ಸುಣ್ಣ ಹಚ್ಚಿದರು. ಮೇ ತಿಂಗಳಲ್ಲಿ ಹೋದಾಗ ಅವರು ಒಳಗೇ ಮಲಗಿದ್ದರು. ಗೋಡೆ ಅದೇ ನೀಲಿಯದು. "ಬಣ್ಣ ಈಗ ಕೆಲಸಾ ಮಾಡಾಕ ಹತ್ತೇತ್ರಿ" ಎಂದರು. ನಾನು ತಿದ್ದಲು ಹೋಗಲಿಲ್ಲ.

— ಕಬ್ಬು ಅಭಿವೃದ್ಧಿ ಅಧಿಕಾರಿ